ಬಲಗೈಗೆ ಕಟ್ಟಿದ ವಾಚು

ಓಲ್ಡ್ ಏರ್‌ಪೋರ್ಟ್, ದೋಹಾ
18 ಸೆಪ್ಟೆಂಬರ್ 2022

ರೋಶ್ನಿಗೆ,

ನಾವು ಮೂವರೂ ಇಲ್ಲಿ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ಇಬ್ಬರು ಕ್ಷೇಮ. ಮೂರನೆಯವಳ ವಿಷಯ ಬರೆಯುವುದಕ್ಕೇ ಈ ಕಾಗದ.

ನೀನು ಐರ್ಲೆಂಡಿನಿಂದ ಫೋನ್ ಮಾಡಿದಾಗಲೆಲ್ಲ ತೆರೆಜಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾಳೆ. ಅವಳ ಎದುರಿಗೇ ಅವಳ ಮಾತು ಆಡುವುದು ನನಗೆ ಸರಿ ಕಾಣುವುದಿಲ್ಲ. ಈ ಫ್ಲ್ಯಾಟಿನ ಗೋಡೆಗಳೂ ಗೋಡೆಗಳಲ್ಲ. ಪಕ್ಕದ ಮನೆಯವರು ಸೀನಿದರೆ ಇಲ್ಲಿಂದ ಹರಸಬೇಕು. ಆದ್ದರಿಂದ ಹಾಳೆಯಲ್ಲಿ ಬರೆದು, ಫೋಟೋ ತೆಗೆದು ನಿನ್ನ ಫೋನಿಗೆ ಕಳುಹಿಸುತ್ತಿದ್ದೇನೆ. ನೀನೂ ಹಾಗೇ ಮಾಡು. ಕನ್ನಡದಲ್ಲೇ ಬರೆ. ಬೈಯುವುದಕ್ಕೆ ಕೊಂಕಣಿ, ಬರೆಯುವುದಕ್ಕೆ ಕನ್ನಡ ಎಂದು ನಮ್ಮ ಹೈಸ್ಕೂಲಿನ ಸಿಸ್ಟರ್ ಹೇಳುತ್ತಿದ್ದರು. ಮಗುವಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದು ಅನುಕೂಲ. ಅದು ಅನುಕೂಲವಾದದ್ದು ಯಾರ ತಪ್ಪು ಎಂದು ಈಗ ಕೇಳುವುದಿಲ್ಲ.

ಅವಳ ಕೂದಲು ಉದುರುತ್ತಿದೆ. ದಿಂಬಿನ ಮೇಲೆ ಸಿಗುತ್ತದೆ, ಬಚ್ಚಲಿನ ಜಾಲರಿಯಲ್ಲಿ ಸಿಗುತ್ತದೆ. ಗುಡಿಸುವಾಗ ಅವಳು ಓದುವ ಮೇಜಿನ ಕೆಳಗೆ ಎಲ್ಲಕ್ಕಿಂತ ಹೆಚ್ಚು. ಬಲಗಿವಿಯ ಮೇಲ್ಭಾಗದಲ್ಲಿ ಐವತ್ತು ದಿರ್ಹಮ್ ನಾಣ್ಯದಷ್ಟು ಜಾಗ ಬೋಳಾಗಿದೆ. ಜಡೆ ಹಾಕುವಾಗ ಅದರ ಮೇಲೆ ಕೂದಲು ಎಳೆದು ಮುಚ್ಚುತ್ತೇನೆ. ದೋಹಾದ ನೀರಿಗೆ ಎಲ್ಲರ ಕೂದಲೂ ಉದುರುತ್ತದೆ, ಗೊತ್ತು. ನನ್ನದೂ ಹೋಯಿತು. ಅದಕ್ಕೇ ಈಗ ಅವಳ ತಲೆಗೆ ಕುಡಿಯುವ ನೀರಿನ ಬಾಟಲಿಯನ್ನೇ ಸುರಿಯುತ್ತಿದ್ದೇನೆ. ಟೋನಿ ನೋಡಿ, "ಮಾಂಯ್, ಇದೆಂತ ರಾಜಕುಮಾರಿಯ ಸ್ನಾನವಾ?" ಎಂದು ನಕ್ಕ. ಅವನಿಗೆ ಎಲ್ಲವೂ ನಗೆ. ಹೋಟೆಲಿನ ಗಾಡಿಗಳನ್ನು ಲೆಕ್ಕ ಹಾಕಿ ಹಾಕಿ ಮಗಳ ತಲೆ ನೋಡಲು ಅವನಿಗೆ ಪುರುಸೊತ್ತಿಲ್ಲ.

ಎದುರಿನ ಮನೆಯ ಆಯಿಶಾ ಮಾತ್ರ ಒಂದು ಮಾತು ಹೇಳಿದಳು. "ನೀರಾದ್ರೆ ತಲೆಯಿಡೀ ಉದುರ್ಬೇಕಲ್ವಾ ಬಾಯಮ್ಮ? ಇದು ಒಂದೇ ಕಡೆ ಹೋಗಿದೆ ಮಾರಾಯ್ರೆ." ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಇನ್ನೊಂದು. ಟೋನಿಯ ಗೆಳೆಯ ಜೇಕಬನ ಹೆಂಡತಿಯ ಕೈಯಲ್ಲಿ ನೀನು ಕಳುಹಿಸಿದ ವಾಚನ್ನು ಮಗು ಸ್ನಾನಕ್ಕೂ ಬಿಚ್ಚುವುದಿಲ್ಲ. ಬಲಗೈಗೆ ವಾಚು ಕಟ್ಟುವುದು ಯಾವ ಊರಿನ ಪದ್ಧತಿ? ಅದರಲ್ಲಿ ಗಂಟೆಯೂ ಕಾಣುವುದಿಲ್ಲ. ಕೇಳಿದರೆ, "ಗ್ರ್ಯಾನಿ, ಇದು ಸ್ಟೆಪ್ಸ್ ಕೌಂಟ್ ಮಾಡ್ತದೆ" ಎಂದಳು. ನಡೆಯುವುದು ಕಾಲು, ಕಟ್ಟುವುದು ಕೈಗೆ. ಇರಲಿ.

ಎಣ್ಣೆ ಬದಲಿಸಲೇ? ಉತ್ತರ ಬರೆ.

ಇತಿ,
ಅಪೊಲೋನಿಯಾ ಬೊನವೆಂಚರ್ ಪಿಂಟೊ


ಕಾರ್ಕ್, ಐರ್ಲೆಂಡ್
21 ಸೆಪ್ಟೆಂಬರ್ 2022

ಪ್ರೀತಿಯ ಮಾಂಯ್‌ಗೆ,

ಕಾಗದ ಓದಿದೆ. ಎಣ್ಣೆ ಯಾವುದಾದರೂ ಆದೀತು. ಜಡೆ ಬಿಗಿಯಾಗಿ ಎಳೆಯಬೇಡಿ. ಕೂದಲಿನ ಬಗ್ಗೆ ಅವಳ ಹತ್ತಿರ ದಯವಿಟ್ಟು ಕೇಳಬೇಡಿ, ಬೈಯಬೇಡಿ, ಬೇರೆಯವರ ಎದುರು ಹೇಳಲೂಬೇಡಿ. ಆಯಿಶಾರ ಎದುರೂ ಬೇಡ.

ವಾಚು ಕೈಯಲ್ಲೇ ಇರಲಿ. ನಾನು ಕೊಟ್ಟದ್ದೆಂದು ಅವಳಿಗೆ ಪ್ರೀತಿ.

ನನ್ನ ಡ್ಯೂಟಿ ಈ ವಾರ ಪೂರ್ತಿ ಬದಲಾಗಿದೆ. ಅವಳ ವೀಸಾದ ಕಾಗದಗಳು ಇನ್ನೂ ಆಗಿಲ್ಲ. ಬೇಗ ಆಗುತ್ತದೆ.

ನಿಮ್ಮ ಸೊಸೆ,
ರೋಶ್ನಿ


ಓಲ್ಡ್ ಏರ್‌ಪೋರ್ಟ್
14 ಅಕ್ಟೋಬರ್ 2022, ಶುಕ್ರವಾರ

ರೋಶ್ನಿಗೆ,

ಇವತ್ತು ಪೂಜೆಯಿಂದ ಬಂದು ಸೀರೆ ಸಹ ಬದಲಿಸದೆ ಬರೆಯುತ್ತಿದ್ದೇನೆ.

ಇಗರ್ಜಿಯಲ್ಲಿ ತೆರೆಜಾ ನನ್ನ ಪಕ್ಕದಲ್ಲಿ ನಿಂತಿದ್ದಳು. ಫಾದರ್ "ಪಿತನ ಮತ್ತು ಸುತನ" ಎಂದು ಶುರು ಮಾಡಿದಾಗ ಶಿಲುಬೆಯ ಗುರುತಿಗೆ ಎಲ್ಲರ ಕೈಯೂ ಹಣೆಗೆ ಹೋಯಿತು. ಅವಳ ಕೈ ಎದೆಯವರೆಗೆ ಬಂತು, ಕುತ್ತಿಗೆಯವರೆಗೆ ಬಂತು, ಅಲ್ಲಿ ನಿಂತಿತು. ಯಾರೋ ಮಣಿಕಟ್ಟು ಹಿಡಿದ ಹಾಗೆ. ಕಣ್ಣು ಒಮ್ಮೆ ಬಿಗಿಯಾಗಿ ಮುಚ್ಚಿಕೊಂಡಳು. ಆಮೇಲೆ ಕೈಯನ್ನು ಮೆಲ್ಲಗೆ ಇಳಿಸಿ ಫ್ರಾಕಿನ ಮಡಿಕೆಯೊಳಗೆ ಅಡಗಿಸಿದಳು. ಕೊನೆಯ ಆಶೀರ್ವಾದದ ಹೊತ್ತಿಗೂ ಹಾಗೆಯೇ.

ಮೊದಲು ಉದಾಸೀನ ಎಂದುಕೊಂಡೆ. ಕಾರಿನಲ್ಲಿ ನಾಲ್ಕು ಮಾತು ಆಡಿದೆ. "ಹಣೆ ಮುಟ್ಟುವುದಕ್ಕೂ ನಿನಗೆ ಭಾರವಾ?" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ಹಿಂದಿನ ಸಂಜೆಗಳನ್ನೆಲ್ಲ ನೆನಪು ಮಾಡಿಕೊಂಡೆ. ಇದು ಜಪಸರದ ತಿಂಗಳು. ನಮ್ಮ ಮನೆಯಲ್ಲಿ ಸಂಜೆಯ ತೇರ್ಸ್ ಜಪ ಒಂದು ದಿನವೂ ತಪ್ಪಿಲ್ಲ. ಮಗು ಈಚೆಗೆ ನನ್ನ ಹಿಂದೆ ಕೂರುತ್ತಾಳೆ. ಯಾಕೆ ಹಿಂದೆ ಎಂದು ನಾನು ಯೋಚಿಸಿರಲೇ ಇಲ್ಲ.

ನಿನಗೆ ಗೊತ್ತಿರಲಿಕ್ಕಿಲ್ಲ, ನಾನು ಈ ಊರಿಗೆ ಬಂದಾಗ ಇಲ್ಲಿ ಇಗರ್ಜಿ ಇರಲಿಲ್ಲ. ಯಾರದೋ ಮನೆಯ ಹಾಲಿನಲ್ಲಿ ಪರದೆ ಎಳೆದು ಪೂಜೆ. ನಿನ್ನ ಮಾವ ದಾರಿಯಲ್ಲಿ ನೆನಪು ಮಾಡುತ್ತಿದ್ದರು: "ಅಪೊಲೋನಿಯಾ, ಹೊರಗೆ ಕೈ ಎತ್ತಬೇಡ." ಬಸ್ಸು ಹೊರಡುವಾಗ, ಆಂಬ್ಯುಲೆನ್ಸ್ ಹೋಗುವಾಗ ನನ್ನ ಕೈ ತಾನಾಗಿ ಹಣೆಗೆ ಹೊರಡುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸುತ್ತಿದ್ದೆ. ಈಗ ಇಗರ್ಜಿ ಇದೆ, ಬಾಗಿಲು ತೆರೆದಿದೆ, ಯಾರೂ ಹಿಡಿಯುವವರಿಲ್ಲ. ಮತ್ತೆ ನನ್ನ ಮೊಮ್ಮಗಳ ಕೈಯನ್ನು ಹಿಡಿಯುವುದು ಯಾವುದು?

ಕೂದಲು ಹೋದ ಜಾಗ ದೊಡ್ಡದಾಗಿದೆ. ಹುಬ್ಬು ಸಹ ಬಲಗಡೆ ತೆಳುವಾಗಿದೆ. ಹುಬ್ಬು ಉದುರಿಸುವ ನೀರನ್ನು ನಾನು ಎಲ್ಲಿಯೂ ಕೇಳಿಲ್ಲ.

ನನಗೆ ಹೆದರಿಕೆಯಾಗುತ್ತದೆ ಎಂದು ನಾನು ಬರೆಯುವುದಿಲ್ಲ. ಆದರೆ ನಿನ್ನ ಕಾಗದದಲ್ಲಿ ನೀನು ಏನನ್ನೂ ಕೇಳಲಿಲ್ಲ. ತಾಯಿಯಾದವಳು ಕೇಳಬೇಕು. ಕೇಳದವಳಿಗೆ ಒಂದೋ ಮನಸ್ಸಿಲ್ಲ, ಇಲ್ಲವೇ ಉತ್ತರ ಮೊದಲೇ ಗೊತ್ತಿದೆ.

ಇತಿ,
ಅಪೊಲೋನಿಯಾ


ಕಾರ್ಕ್
17 ಅಕ್ಟೋಬರ್ 2022

ಮಾಂಯ್,

ಮನಸ್ಸಿಲ್ಲದವಳು ಎಂದು ಮಾತ್ರ ಬರೆಯಬೇಡಿ. ಟೋನಿಯ ಹತ್ತಿರ ಹೇಳಿದ್ದೇನೆ, ಚರ್ಮದ ಡಾಕ್ಟರಿಗೆ ತೋರಿಸುತ್ತಾನೆ.

ಪ್ರಾರ್ಥನೆಯ ಹೊತ್ತಿಗೆ ಅವಳನ್ನು ನೋಡುತ್ತಾ ಕೂರಬೇಡಿ. ನೀವು ನೋಡಿದರೆ ಎಂಥವರ ಕೈಯೂ ನಿಲ್ಲುತ್ತದೆ.

ರೋಶ್ನಿ


ಓಲ್ಡ್ ಏರ್‌ಪೋರ್ಟ್
20 ನವೆಂಬರ್ 2022

ರೋಶ್ನಿಗೆ,

ಇವತ್ತು ಇಲ್ಲಿ ವರ್ಲ್ಡ್ ಕಪ್ ಶುರು. ಬಾಲ್ಕನಿಗಳಿಂದ ಎಷ್ಟು ದೇಶಗಳ ಬಾವುಟ ಇಳಿಬಿಟ್ಟಿದ್ದಾರೆಂದರೆ ಬಟ್ಟೆ ಒಣಗಿಸಲು ಜಾಗವಿಲ್ಲ. ಈ ಆಟಕ್ಕಾಗಿ ಶಾಲೆಗೆ ಒಂದು ತಿಂಗಳಿಗೂ ಮೀರಿದ ರಜೆ. ಟೋನಿ ಹಗಲು ರಾತ್ರಿ ಡ್ಯೂಟಿಯಲ್ಲಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು "ನಾಳೆ, ಮಾಂಯ್, ಇನ್ಶಾಲ್ಲಾ" ಎಂದು ಹೇಳಿ ಹೇಳಿ ಖಲಾಸ್. ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಮತ್ತು ಮಗು.

ಅದಕ್ಕೇ ಈಗ ಎಲ್ಲವೂ ಕಾಣುತ್ತಿದೆ.

ಅವಳು ಕೈ ಎತ್ತುವುದನ್ನೇ ಬಿಟ್ಟಿದ್ದಾಳೆ. ತಲೆ ಬಾಚಿಕೊಳ್ಳುವುದಿಲ್ಲ. ಬೆವರು ಕಣ್ಣಿಗೆ ಇಳಿದರೆ ಭುಜ ಎತ್ತಿ ಒರೆಸಿಕೊಳ್ಳುತ್ತಾಳೆ. ಮೊನ್ನೆ ಮಧ್ಯಾಹ್ನ ಓದುತ್ತಾ ಕೂತಿದ್ದಳು, ನಾನು ಬಾಗಿಲ ಸಂದಿಯಿಂದ ನೋಡಿದೆ. ಪುಸ್ತಕದ ಮೇಲೆ ಕಣ್ಣು. ಕೈ ಮಾತ್ರ ತಾನೇ ಎದ್ದಿತು, ಹಾವು ಹೆಡೆ ಎತ್ತಿದ ಹಾಗೆ. ಅವಳಿಗೆ ಅದು ಗೊತ್ತೇ ಇಲ್ಲ. ಕಿವಿಯ ಹತ್ತಿರ ಬಂದದ್ದೇ ಇಡೀ ಮೈ ಬೆಚ್ಚಿತು. ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟಳು. ತನ್ನ ಕೈಯ ಮೇಲೆ ತಾನೇ ಕೂತ ಮಗುವನ್ನು ನಾನು ಈ ವಯಸ್ಸಿನವರೆಗೆ ನೋಡಿರಲಿಲ್ಲ.

ನಿನ್ನೆ ತೇರ್ಸ್ ಮುಗಿದ ಮೇಲೆ ಅವಳನ್ನು ಎದುರಿಗೆ ನಿಲ್ಲಿಸಿದೆ. ಆಶೀರ್ವದಿಸಿದ ನೀರಿನಲ್ಲಿ ಅವಳ ಬೆರಳು ಅದ್ದಿ, "ಈಗ ನನ್ನ ಕಣ್ಣೆದುರು ಶಿಲುಬೆಯ ಗುರುತು ಮಾಡು ಬಾಯೆ" ಎಂದೆ. "ಗ್ರ್ಯಾನಿ, ಪ್ಲೀಸ್" ಎಂದಳು. ಕೈ ಹಿಡಿದು ನಾನೇ ಎತ್ತಿದೆ. ಹಣೆಯ ಹತ್ತಿರ ಬರುವಾಗ ಕಿತ್ತುಕೊಂಡು, ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಒಂದು ಸದ್ದು ಕೇಳಿಸಿತು, ಜೀರುಂಡೆ ಗೋಡೆಯೊಳಗೆ ಸಿಕ್ಕಿಕೊಂಡ ಹಾಗೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು "ನಮೋ ಮರಿಯಾ" ಹೇಳುತ್ತಲೇ ಇದ್ದೆ.

ಈಗ ಬರೆಯುತ್ತೇನೆ: ನನಗೆ ಹೆದರಿಕೆಯಾಗಿದೆ. ಶಿಲುಬೆಗೆ ಹೆದರುವುದು ಮನುಷ್ಯರಲ್ಲ.

ಊರಿನಲ್ಲಿ ನನ್ನ ತಂಗಿ ಕಾರ್ಮಿನ್‌ಗೆ ಫೋನ್ ಮಾಡಿದೆ. ಘಟ್ಟದ ಬುಡದಲ್ಲಿ ಒಂದು ಪ್ರಾರ್ಥನಾಲಯವಿದೆಯಂತೆ. ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಪ್ರಾರ್ಥಿಸಿ, ಹೊರಡಬೇಕಾದ್ದನ್ನು ಹೊರಡಿಸುತ್ತಾರಂತೆ. ಡಿಸೆಂಬರ್ ಎರಡಕ್ಕೆ ನನಗೂ ಮಗುವಿಗೂ ಟಿಕೆಟ್ ಮಾಡಿಸಿದ್ದೇನೆ. ಟೋನಿ ಬೇಡ ಎನ್ನಲಿಲ್ಲ. ನೀನೂ ಅನ್ನಬಾರದು. ಬಿಟ್ಟುಹೋದವರಿಗೆ ಬೇಡ ಎನ್ನುವ ಹಕ್ಕು ಕಡಿಮೆ.

ಅಪೊಲೋನಿಯಾ


ಕಾರ್ಕ್
21 ನವೆಂಬರ್ 2022

ಮಾಂಯ್,

ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ನಾನು ನರ್ಸಿಂಗ್ ಓದುವಾಗ ಅಂಥದೊಂದು ಮನೆಯಿಂದ ಬಂದ ಹುಡುಗಿಯನ್ನು ವಾರ್ಡಿನಲ್ಲಿ ನೋಡಿದ್ದೇನೆ. ಹೊರಡಿಸಿದ್ದು ಏನನ್ನು ಎಂದು ಗೊತ್ತಿಲ್ಲ. ಅವಳ ಮಾತು ಮಾತ್ರ ಹೊರಟುಹೋಗಿತ್ತು.

ತೆರೆಜಾಳ ಒಳಗೆ ಏನೂ ಇಲ್ಲ. ಎಲ್ಲವನ್ನೂ ಹೇಳುತ್ತೇನೆ, ನೀವು ಟಿಕೆಟ್ ರದ್ದು ಮಾಡಿಸುತ್ತೇನೆ ಎಂದು ಒಂದು ಮಾತು ಕೊಡಿ. ನಾನೇ ಬರುತ್ತಿದ್ದೆ. ಆದರೆ ನನ್ನ ಕತಾರ್ ಐಡಿ ರದ್ದಾಗಿದೆ, ಈ ಆಟ ಮುಗಿಯುವವರೆಗೆ ಹಯ್ಯಾ ಕಾರ್ಡ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಫುಟ್‌ಬಾಲ್ ನೋಡುವವರು ಬರಬಹುದು, ತಾಯಿ ಬರುವ ಹಾಗಿಲ್ಲ.

ಫೋನ್ ಎತ್ತಿ ಮಾಂಯ್. ಬೆಳಿಗ್ಗೆಯಿಂದ ಮಾಡುತ್ತಿದ್ದೇನೆ.

ರೋಶ್ನಿ


ಓಲ್ಡ್ ಏರ್‌ಪೋರ್ಟ್
25 ನವೆಂಬರ್ 2022

ರೋಶ್ನಿ,

ಫೋನ್ ಎತ್ತಲಿಲ್ಲ, ನಿಜ. ನನ್ನ ದನಿ ನಡುಗುವುದನ್ನು ನೀನು ಕೇಳುವುದು ನನಗೆ ಬೇಡವಾಗಿತ್ತು. ಈಗ ದನಿ ಗಟ್ಟಿಯಾಗಿದೆ. ಕೇಳು.

ನಿನ್ನೆ ಮಧ್ಯಾಹ್ನ ಮಗು ಸ್ನಾನಕ್ಕೆ ಹೋಗಿದ್ದಳು. ಸ್ನಾನಕ್ಕೂ ಬಿಚ್ಚದ ಆ ವಾಚು ಅವತ್ತು ಫ್ರಿಜ್ಜಿನ ಪಕ್ಕ ಚಾರ್ಜಿಗೆ ಇತ್ತು. ನಾನು ಮೀನು ತೊಳೆದು ಕಲ್ಲು ಒರೆಸುತ್ತಿದ್ದೆ. ಮೀನಿನ ನೀರು ತಾಗಿ ಹಾಳಾದರೆ ನಿನ್ನ ಮಾತು ಕೇಳಬೇಕಲ್ಲ ಎಂದು ಅದನ್ನು ಬಿಚ್ಚಿ ನನ್ನ ಕೈಗೇ ಸಿಕ್ಕಿಸಿಕೊಂಡೆ. ಬಲಗೈಗೆ. ಹನ್ನೆರಡು ಗಂಟೆಯಾಯಿತು. ಹನ್ನೆರಡಕ್ಕೆ ನಾನು ಎಲ್ಲಿದ್ದರೂ ದೇವದೂತನ ಪ್ರಾರ್ಥನೆ ಬಿಡುವವಳಲ್ಲ. ಸೆರಗಿಗೆ ಕೈ ಒರೆಸಿ, "ಬಾಪಾಚ್ಯಾ" ಎಂದು ಶಿಲುಬೆಯ ಗುರುತು ಶುರು ಮಾಡಿ ಹಣೆಗೆ ಬೆರಳಿಟ್ಟೆ.

ನನ್ನ ಮಣಿಕಟ್ಟನ್ನು ಯಾವುದೋ ಹಿಡಿದು ಅಲ್ಲಾಡಿಸಿತು.

ರೋಶ್ನಿ, ನಾನು ಕೂಗಲಿಲ್ಲ. ಕೂಗು ಬರಲೇ ಇಲ್ಲ. ಅವಳಲ್ಲಿದ್ದದ್ದು ನನಗೂ ಬಂತು, ಈ ಮನೆಯಲ್ಲಿ ಇನ್ನು ಪ್ರಾರ್ಥಿಸುವವರು ಯಾರು ಎಂದಷ್ಟೇ ತಲೆಯಲ್ಲಿ ಬಂತು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮತ್ತೆ ಧೈರ್ಯ ಮಾಡಿ ಹಣೆಗೆ ಕೈ ತಂದೆ. ಮತ್ತೆ ಗುರ್ ಎಂದಿತು. ಅದೇ ಸದ್ದು, ಬಚ್ಚಲಿನ ಜೀರುಂಡೆ. ಕಣ್ಣೀರು ಬಂತು. ಒರೆಸಲು ಕನ್ನಡಕ ಮೇಲೆತ್ತಿದೆ, ಗುರ್. ಜಾರಿದ ಹೇರ್‌ಪಿನ್ ಒತ್ತಿದೆ, ಗುರ್. ಸೈತಾನನಿಗೆ ಹೇರ್‌ಪಿನ್ ಕಂಡರೆ ಯಾಕೆ ಸಿಟ್ಟು ಎಂದು ಆಗ ಬುದ್ಧಿ ಬಂತು. ವಾಚನ್ನು ಎಡಗೈಗೆ ಹಾಕಿ ಬಲಗೈಯಿಂದ ಶಿಲುಬೆಯ ಗುರುತು ಮಾಡಿದೆ. ಏನೂ ಇಲ್ಲ.

ತಲೆ ಎತ್ತಿದರೆ ಮಗು ಬಾಗಿಲಲ್ಲಿ ನಿಂತಿದ್ದಾಳೆ, ಟವೆಲ್ ಸುತ್ತಿಕೊಂಡು. ನೆಲದ ಮೇಲೆ ಕೂತ ನನ್ನನ್ನು ನೋಡಿ ಅವಳೂ ಕೂತಳು.

"ಗ್ರ್ಯಾನಿ, ನಿಮ್ಗೂ ಆಯ್ತಾ?"

"ಆಯ್ತು. ಇದೆಂತದು ಬಾಯೆ?"

"ಮಮ್ಮಿ ಹೇಳ್ಬೇಡ ಅಂದಿದ್ದಾರೆ."

"ನಾನು ಕೇಳುವಾಗ ನಿನ್ನ ಮಮ್ಮಿಯ ಮಮ್ಮಿಯೂ ಹೇಳಬೇಕು."

ಅದಕ್ಕೆ ಅವಳ ಮೂಗಿನ ತುದಿಯಲ್ಲಿ ಸ್ವಲ್ಪ ನಗು ಬಂತು. ಆಮೇಲೆ ಹೇಳಿದಳು. ಕೂದಲು ಉದುರುವುದಲ್ಲವಂತೆ. ತಾನೇ ಕೀಳುವುದಂತೆ. ಕೀಳಬೇಕೆಂದು ಕೀಳುವುದಲ್ಲ, ನೋಡುವಾಗ ಬೆರಳಲ್ಲಿ ಇರುತ್ತದಂತೆ. ಕೈ ತಲೆಗೆ ಹೋಗುವಾಗ ಎಚ್ಚರಿಸಲು ನೀನು ಈ ಯಂತ್ರ ಕಳುಹಿಸಿದ್ದಂತೆ. ಇಗರ್ಜಿಯಲ್ಲಿ, ತೇರ್ಸಿನಲ್ಲಿ ಎಲ್ಲರೂ ಮೌನವಾಗಿರುವಾಗ ಅದು ಸದ್ದು ಮಾಡಿದರೆ ಗ್ರ್ಯಾನಿಗೆ ಗೊತ್ತಾಗುತ್ತದೆ, ಗುಟ್ಟು ಹೋಗುತ್ತದೆ ಎಂದು ಕೈಯನ್ನು ಅರ್ಧದಲ್ಲೇ ನಿಲ್ಲಿಸುತ್ತಿದ್ದಳಂತೆ.

ನನ್ನಿಂದ ಮುಚ್ಚಿಡಲು ಒಂಬತ್ತು ವರ್ಷದ ಮಗು ದೇವರ ಮುಂದೆ ತನ್ನ ಕೈಯನ್ನೇ ಕಟ್ಟಿಹಾಕಿತು. ಈ ಏರ್ಪಾಡು ನಿನ್ನದು. ನಿನ್ನ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ಈ ಹಾಳೆ ಸಾಲದು.

ಆದರೂ ಸಿಟ್ಟು ದೊಡ್ಡದಲ್ಲ. ಸೈತಾನನಾಗಿದ್ದರೆ ಬಿಡಿಸುವವರಿದ್ದಾರೆ ಎಂದು ನಂಬಿದ್ದೆ. ಇದು ಅವಳದೇ ಕೈ. ಅವಳ ಕೈಯಿಂದ ಅವಳನ್ನು ಬಿಡಿಸುವವರು ಯಾರು? ಮೊನ್ನೆಗಿಂತ ಇವತ್ತು ನನಗೆ ಹೆದರಿಕೆ ಹೆಚ್ಚು.

ಟಿಕೆಟ್ ಇನ್ನೂ ರದ್ದು ಮಾಡಿಸಿಲ್ಲ. ಎರಡು ಪ್ರಶ್ನೆ. ಇದು ಯಾವಾಗ ಶುರುವಾಯಿತು? ನನ್ನಿಂದ ಯಾಕೆ ಮುಚ್ಚಿದೆ? ಪೂರ್ತಿ ಬರೆ. ಅರ್ಧ ಬರೆದರೆ ಮಗುವನ್ನು ಕರೆದುಕೊಂಡು ವಿಮಾನ ಹತ್ತುತ್ತೇನೆ.

ಅಪೊಲೋನಿಯಾ


ಕಾರ್ಕ್
26 ನವೆಂಬರ್ 2022

ಮಾಂಯ್,

ಪೂರ್ತಿ ಬರೆಯುತ್ತೇನೆ.

ಶುರುವಾದದ್ದು ನಾನು ಹೊರಡುವುದಕ್ಕೂ ಮೊದಲು. ಐರ್ಲೆಂಡಿನ ಕೆಲಸದ ಕಾಗದ ಬಂದ ರಾತ್ರಿ ಊಟಕ್ಕೆ ಕೂತಿದ್ದೆವಲ್ಲ, ನೀವು "ಮಗು ಇಲ್ಲೇ ಇರಲಿ, ಹೋಗುವವರು ಹೋಗಲಿ" ಎಂದಿರಿ. ನಾನು ತಟ್ಟೆ ಬಿಟ್ಟು ಎದ್ದೆ. ಟೋನಿ ನಿಮ್ಮನ್ನೂ ನನ್ನನ್ನೂ ನೋಡುತ್ತಾ ಕೂತಿದ್ದ. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಮರುವಾರ ಟೀಚರ್ ಕರೆಸಿ ಹೇಳಿದರು. ಡಾಕ್ಟರಿಗೂ ತೋರಿಸಿದೆ. ಚರ್ಮದ ಡಾಕ್ಟರಲ್ಲ, ಮನಸ್ಸಿನ ಡಾಕ್ಟರ್. ಇಂಥದು ತುಂಬಾ ಮಕ್ಕಳಿಗೆ ಇರುತ್ತದೆ, ದೊಡ್ಡವರಿಗೂ ಇರುತ್ತದೆ, ಹಟವಲ್ಲ, ಹುಚ್ಚಲ್ಲ, ಬೈದರೆ ಜಾಸ್ತಿಯಾಗುತ್ತದೆ ಎಂದರು. ಆ ಬ್ಯಾಂಡ್ ಕೈಯನ್ನು ನಿಲ್ಲಿಸುವುದಿಲ್ಲ ಮಾಂಯ್, ಕೈ ಹೋಯಿತು ಎಂದು ಹೇಳುತ್ತದೆ ಅಷ್ಟೆ. ಆಮೇಲೆ ಏನು ಮಾಡಬೇಕೆಂದು ಪಕ್ಕದಲ್ಲಿ ಕೂತು ಕಲಿಸುವವರು ಬೇಕು. ನಾನು ವಿಡಿಯೋದಲ್ಲಿ ಕಲಿಸಿದೆ. ಅದು ಸಾಲಲಿಲ್ಲ.

ಮುಚ್ಚಿಟ್ಟದ್ದು ಯಾಕೆ? ಜೇಕಬನ ಮಗ ಲಿಯೋ ಹಾಸಿಗೆ ಒದ್ದೆ ಮಾಡುತ್ತಾನೆಂದು ಅವನ ತಾಯಿ ನಿಮ್ಮ ಹತ್ತಿರ ಅಳುತ್ತಾ ಹೇಳಿದಳು. ನೀವು ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳಿ ಅವನಿಗಾಗಿ ಜಪ ಮಾಡಿಸಿದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಆ ಹುಡುಗ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ತೆರೆಜಾ ಅದನ್ನು ನೋಡಿದ್ದಾಳೆ. "ಗ್ರ್ಯಾನಿಗೆ ಹೇಳ್ಬೇಡಿ, ನನ್ನ ಹೆಸರು ಪ್ರೇಯರಲ್ಲಿ ಹೇಳ್ತಾರೆ" ಎಂದು ನನ್ನ ಕಾಲು ಹಿಡಿದವಳು ಅವಳು. ನಾನು ಒಪ್ಪಿದೆ, ಟೋನಿಗೂ ಹೇಳಲಿಲ್ಲ. ಬೈಗುಳ, ಎಣ್ಣೆ, ಪ್ರಾರ್ಥನೆ, ನಿಮ್ಮಲ್ಲಿ ಮೂರೇ ಮದ್ದು ಎಂದುಕೊಂಡೆ.

ಇನ್ನು ನೀವು ಏನು ಮಾಡುತ್ತೀರೋ ಮಾಡಿ. ನನ್ನ ಮಗು ನಿಮ್ಮ ಕೈಯಲ್ಲಿದೆ, ನಾನು ಸಮುದ್ರದ ಆಚೆ ಇದ್ದೇನೆ. ನನಗೆ ರಾತ್ರಿ ನಿದ್ದೆಯಿಲ್ಲ.

ರೋಶ್ನಿ


ಓಲ್ಡ್ ಏರ್‌ಪೋರ್ಟ್
5 ಡಿಸೆಂಬರ್ 2022

ರೋಶ್ನಿ,

ನಾವು ಹೋಗಲಿಲ್ಲ. ಕಾರ್ಮಿನ್ ಫೋನಿನಲ್ಲಿ, "ಅಕ್ಕಾ, ನಿನಗೆ ನಂಬಿಕೆ ಕಡಿಮೆಯಾಯಿತಾ?" ಎಂದಳು. "ನನ್ನ ನಂಬಿಕೆಯ ಅಳತೆ ತೆಗೆಯಲು ನೀನು ಟೈಲರಾ?" ಎಂದು ಇಟ್ಟೆ. ಕೂಟದವರು ಯಾಕೆ ಹೋಗಲಿಲ್ಲ ಎಂದು ಕೇಳಿದರು. ಟಿಕೆಟ್ ಸಿಗಲಿಲ್ಲ ಎಂದೆ. ಆ ಸುಳ್ಳನ್ನು ಫಾದರ್ ಹತ್ತಿರ ಪಾಪನಿವೇದನೆಯಲ್ಲಿ ಹೇಳುತ್ತೇನೆ, ಕೂಟದಲ್ಲಿ ಹೇಳುವುದಿಲ್ಲ.

ಲಿಯೋ ವಿಷಯಕ್ಕೆ ಉತ್ತರ ನಿನಗೆ ಬರೆಯಬೇಕಾದ್ದಲ್ಲ. ನಿನ್ನೆ ಅಕ್ಕಿ ರುಬ್ಬಿ ಸಾನ್ನ ಬೇಯಿಸಿ ಜೇಕಬನ ಮನೆಗೆ ತೆಗೆದುಕೊಂಡು ಹೋಗಿದ್ದೆ. ಹುಡುಗ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ತಟ್ಟೆ ಇಟ್ಟು ಬಂದೆ. ಮತ್ತೆ ಹೋಗುತ್ತೇನೆ.

ಟೋನಿಗೆ ರಜೆ ಹಾಕಿಸಿದೆ. "ಮಾಂಯ್, ವರ್ಲ್ಡ್ ಕಪ್ ನಡೀತಾ ಉಂಟು, ಲೀವ್ ಮಾಫಿ, ಸಿಗುದಿಲ್ಲ" ಎಂದ. "ವರ್ಲ್ಡ್ ಕಪ್ಪಿಗೆ ನೀನು ಗೋಲ್ ಹೊಡೆಯುವವನಾ? ಕೂತುಕೋ" ಎಂದೆ. ಅವನ ಫೋನಿನಲ್ಲಿ ಆ ಯಂತ್ರಕ್ಕೆ ಪಾಠ ಹೇಳಿಕೊಡಬಹುದಂತೆ. ಶಿಲುಬೆಯ ಗುರುತಿಗೆ ಸುಮ್ಮನಿರು ಎಂದು ಕಲಿಸು ಎಂದೆ. ಮೂವರೂ ಇಡೀ ಬೆಳಿಗ್ಗೆ ಕೂತೆವು. ಮಗು ಹಣೆ ಮುಟ್ಟಿತು, ಕಿವಿ ಮುಟ್ಟಿತು, ಮತ್ತೆ ಹಣೆ. ಹಣೆಗೂ ಕೂದಲಿಗೂ ನಡುವೆ ಇರುವುದು ಮೂರು ಬೆರಳು. ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ ನಾನೇ ತೀರ್ಮಾನ ಮಾಡಿದೆ. ಪ್ರಾರ್ಥನೆಯ ಹೊತ್ತಿಗೆ ಅದನ್ನು ಮಗು ಬಿಚ್ಚಬೇಕು, ನಾನು ಕಟ್ಟಿಕೊಳ್ಳಬೇಕು. ಸದ್ದು ಬಂದರೆ ನನ್ನ ಕೈಯಿಂದ ಬರಲಿ.

ಶುಕ್ರವಾರ ಇಗರ್ಜಿಯಲ್ಲಿ ಹಾಗೇ ಮಾಡಿದೆವು. ಪೂಜೆಯ ನಡುವೆ ಅದು ನನ್ನ ಕೈಯಲ್ಲಿ ಗುರ್ ಎಂದಿತು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ನಾನೂ ಅವಳನ್ನು ನೋಡಿದೆ. ಅವಳು ಬೇಗ ಮುಂದೆ ತಿರುಗಿದಳು. ಮಗು ಬಾಯಿ ಮುಚ್ಚಿಕೊಂಡು ನಗು ತಡೆಯಲಾರದೆ ಅಲ್ಲಾಡುತ್ತಿದ್ದಳು. ಪೂಜೆಯಲ್ಲಿ ನಗಬಾರದು ಎಂದು ನಾನು ಹೇಳಲಿಲ್ಲ.

ಮನೆಗೆ ಬಂದ ಮೇಲೂ ಬಹಳ ಹೊತ್ತು ಬಿಚ್ಚಲು ಮರೆತಿದ್ದೆ. ನೀನು ಫೋನ್ ಮಾಡುವ ಹೊತ್ತಾಯಿತು, ಅದು ನನ್ನ ಕೈಯಲ್ಲಿ ಅಲ್ಲಾಡಿತು. ಟೋನಿ ಬರುವುದು ತಡವಾಯಿತು, ಅಲ್ಲಾಡಿತು. ನನ್ನ ಕೈ ಆಗಾಗ ಹೇರ್‌ಪಿನ್ನಿಗೆ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಯಾರೂ ಕಳುಹಿಸದೆ ಹೋಗುತ್ತದೆ. ಗಟ್ಟಿ ಹೆಂಗಸು ಎಂದು ಊರೆಲ್ಲ ಹೇಳುವ ನಾನು ದಿನವಿಡೀ ಏನನ್ನೋ ಹೆದರಿಕೊಂಡೇ ಇದ್ದೇನೆ ಎಂದು ಒಂದು ರಬ್ಬರ್ ಪಟ್ಟಿ ನನಗೆ ಹೇಳಿತು.

ಆಮೇಲೆ ಮಗುವಿಗೆ ಒಂದು ಮಾತು ಹೇಳಿದೆ. ಕೈ ಹೋದಾಗ ಅದರ ಮೇಲೆ ಕೂರಬೇಡ, ನನಗೆ ಕೊಡು.

ನಿನ್ನ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಬರೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ಹೇಳಿದ್ದನ್ನು ಮಾಡಲು ಅಷ್ಟು ಸಾಕು.

ನಿನ್ನ ಅತ್ತೆ,
ಅಪೊಲೋನಿಯಾ


ಓಲ್ಡ್ ಏರ್‌ಪೋರ್ಟ್
19 ಡಿಸೆಂಬರ್ 2022

ರೋಶ್ನಿ,

ನಡುವೆ ನೀನು ಬರೆದದ್ದೆಲ್ಲ ಓದಿ, ಹಾಗೆಯೇ ಮಾಡಿದ್ದೇನೆ. ಕೈಗೆ ಕೆಲಸವಿರಲಿ ಎಂದು ಉಂಡೆ ಮಾಡಲು ಗೋಧಿಹಿಟ್ಟು ಕೊಟ್ಟೆ. ಬಟಾಣಿ ಬಿಡಿಸಲು ಕೊಟ್ಟೆ. ಓದುವಾಗ ಪಕ್ಕದಲ್ಲಿ ಕೂತೆ, ನೋಡದ ಹಾಗೆ. ಬಲಗಿವಿಯ ಮೇಲಿನ ಜಾಗದಲ್ಲಿ ಸಣ್ಣ ಕೂದಲು ಹುಟ್ಟಿದೆ. ಹಲಸಿನಕಾಯಿಯ ಮೇಲಿನ ಮುಳ್ಳಿನ ಹಾಗೆ ಬೆರಳಿಗೆ ಚುಚ್ಚುತ್ತದೆ. ಈ ಸುದ್ದಿಯನ್ನು ನಿನಗೆ ಬರೆಯಬೇಕೆಂದು ಹಾಳೆಯನ್ನು ತೆಗೆದಿಟ್ಟಿದ್ದೆ.

ನಿನ್ನೆ ಬೆಳಿಗ್ಗೆ ಜಡೆ ಹಾಕುವಾಗ ಎಡಗಡೆ, ಕಿವಿಯ ಹಿಂದೆ, ಹೊಸ ಬೋಳು ಕಂಡಿತು.

ಪಟ್ಟಿ ಇರುವುದು ಬಲಗೈಯಲ್ಲಿ. ಎಡಗೈ ಕಲಿತುಬಿಟ್ಟಿದೆ. ಯಾರಿಗೂ ಗೊತ್ತಾಗದ ಹಾಗೆ, ಅವಳಿಗೂ ಗೊತ್ತಾಗದ ಹಾಗೆ ಕಲಿತಿದೆ. ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಸಾರಿ ಗ್ರ್ಯಾನಿ" ಎಂದಳು. ಸಾರಿ ಎನ್ನಬೇಡ ಎಂದೆ. ಜಡೆಯನ್ನು ಸಡಿಲವಾಗಿ ಹಾಕಿ ಮುಗಿಸಿದೆ.

ಸಂಜೆ ಫೈನಲ್ ಇತ್ತು. ಟೋನಿ ಡ್ಯೂಟಿಯಲ್ಲಿ. ನಾವಿಬ್ಬರೇ ತೇರ್ಸ್‌ಗೆ ಕೂತೆವು. ಈಗ ಅವಳು ನನ್ನ ಹಿಂದೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ. ಮುಗಿದ ಮೇಲೆ ಪದ್ಧತಿಯಂತೆ ಕೈ ಜೋಡಿಸಿ ಬೆಸಾಂವ್ ಕೇಳಿದಳು. ಆಶೀರ್ವದಿಸಿ ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದೆ. ಪಟ್ಟಿಯನ್ನು ಬಿಚ್ಚಿ ಅವಳಿಗೆ ಕಟ್ಟಿದ್ದೆ, ಅಷ್ಟರಲ್ಲಿ ಯಾರೋ ಗೋಲ್ ಹೊಡೆದರು. ಇಡೀ ಕಟ್ಟಡ ಕೂಗಿತು. ಬೀದಿಯ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಒತ್ತಿದವು. ಮಗು ಬೆಚ್ಚಿಬಿದ್ದಳು. ಎರಡೂ ಕೈ ಒಟ್ಟಿಗೆ ತಲೆಗೆ ಎದ್ದವು. ಬಲಗೈ ಗುರ್ ಎಂದಿತು. ಅವಳು ಅದನ್ನು ನನ್ನ ಕಡೆ ಚಾಚಿ, "ಗ್ರ್ಯಾನಿ, ಹೋಯ್ತು" ಎಂದಳು. ನಾನು ಹಿಡಿದುಕೊಂಡೆ. ಎಡಗೈ ಸದ್ದಿಲ್ಲದೆ ಕಿವಿಯ ಹಿಂದೆ ಹೋಗುತ್ತಿತ್ತು. ಅದನ್ನೂ ಹಿಡಿದೆ. ನನ್ನ ಎರಡು ಕೈಯೂ ತುಂಬಿದವು. ಕೂಗು ನಿಲ್ಲುವವರೆಗೆ ಹಾಗೇ ಕೂತಿದ್ದೆವು. ನಿಂತ ಮೇಲೂ ಬಿಡಲು ನನಗೆ ಧೈರ್ಯ ಬರಲಿಲ್ಲ. ಒಲೆಯ ಮೇಲಿನ ಸಾರು ಸೀದುಹೋಯಿತು. ವಾಸನೆ ಬರುತ್ತಿತ್ತು, ಏಳಲಿಲ್ಲ.

ರೋಶ್ನಿ, ನಾನು ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲ. ನಿನ್ನ ಮಾವ ಹೋದಾಗಲೂ ಕೇಳಲಿಲ್ಲ. ಈ ತಿಂಗಳ ಇಪ್ಪತ್ತಮೂರರಿಂದ ಬೇರೆಯವರಿಗೂ ವೀಸಾ ಕೊಡುತ್ತಾರಂತೆ, ಟೋನಿ ವಿಚಾರಿಸಿದ್ದಾನೆ. ಕ್ರಿಸ್‌ಮಸ್ಸಿಗೆ ಆಗದಿದ್ದರೆ ಹೊಸ ವರ್ಷಕ್ಕೆ ಬಾ. ಇಲ್ಲೇ ಉಳಿಯುವುದಾದರೆ ಉಳಿ. ಅವಳನ್ನು ಕರೆದುಕೊಂಡು ಹೋಗುವುದಾದರೂ ಹೋಗು, ನಾನು ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದ ಮಾತು ಇನ್ನು ಈ ಮನೆಯಲ್ಲಿ ಇಲ್ಲ.

ಅವಳಿಗೆ ಎರಡು ಕೈ. ನನಗೂ ಎರಡೇ. ಎರಡನ್ನೂ ನಾನೇ ಹಿಡಿದುಕೊಂಡರೆ ಒಲೆ ಆರಿಸುವವರು ಬೇಕು.

ಬೇಗ ಬಾ.

ಮಾಂಯ್